ಹಾಳಾಗಿರಬೇಕಾದ ಕೇಬಲ್

"ಅಮ್ಮ, ಬೇಕೆಂದೇ ಹಾಳು ಮಾಡಿದ ಒಂದು ಕೇಬಲ್ ಬೇಕು. ನೀವೇ ಮಾಡಿಕೊಡಬೇಕು" ಎಂದು ಧಣಿ ಬಂದು ಹೇಳಿದಾಗ ನಾನು ಸೋಲ್ಡರ್ ಐರನ್ನನ್ನು ಸ್ಟ್ಯಾಂಡಿನಲ್ಲಿಟ್ಟು ಅವರ ಮುಖ ನೋಡಿದೆ.

"ಎಷ್ಟು ಹಾಳು?" ಎಂದು ಕೇಳಿದೆ.

"ಅದು ಮೇಡಂ ಹೇಳ್ತಾರೆ."

"ಇಷ್ಟು ಕಾಲ ಬೀಡಿ ಕಟ್ಟಿದವಳು ನಾನು. ಹಾಳು ಮಾಡಿದ್ದಕ್ಕೆ ಬೈಸಿಕೊಂಡು ಗೊತ್ತುಂಟು. ಹಾಳು ಮಾಡಿ ಅಂತ ಹೇಳುವವರನ್ನು ಇವತ್ತೇ ನೋಡಿದ್ದು."

"ಈಗ ನೋಡಿದಿರಲ್ಲ, ಮಾಡಿ" ಎಂದು ನಕ್ಕು ಅವರು ಮೇಲಿನ ಹಾಲಿಗೆ ಹೋದರು.

ನಾವು ಕೆಲಸ ಮಾಡುವ ಜಾಗ ಮೂಡುಬಿದಿರೆಯಲ್ಲಿ, ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ. ಕೆಳಗಿನ ಕೋಣೆಯಲ್ಲಿ ನಾವು ಹೆಂಗಸರು ಕೇಬಲ್ ಜೋಡಿಸುತ್ತೇವೆ. ನಮ್ಮ ಧಣಿ ಬ್ಯಾರಿಗಳು. ಗಲ್ಫಿನಲ್ಲಿ ವಿಮಾನಗಳ ವಯರಿಂಗ್ ಕೆಲಸದಲ್ಲಿದ್ದು, ಊರಿಗೆ ಬಂದು ಇದನ್ನು ಶುರು ಮಾಡಿದವರು. ಬೀಡಿ ಕಟ್ಟುವ ಹೆಂಗಸರನ್ನೇ ಹುಡುಕಿ ಹುಡುಕಿ ಕರೆದರು. ಸಣ್ಣ ವಸ್ತುವನ್ನು ದಿನವಿಡೀ ಒಂದೇ ಹಾಗೆ ಮಾಡಲು ಬೀಡಿ ಕಟ್ಟಿದ ಬೆರಳಿಗೆ ಬೇರೆ ಪಾಠ ಬೇಡ ಎಂಬುದು ಅವರ ಲೆಕ್ಕ. ಕೆಲವರು ಬೆಳ್ತಂಗಡಿ ಕಡೆಯಿಂದ ವೇಣೂರು ದಾರಿಯಾಗಿ ಬರುತ್ತಾರೆ. ನಾನು ಬಂಟ್ವಾಳದಿಂದ ಸಿದ್ದಕಟ್ಟೆ ಬಸ್ಸಿನಲ್ಲಿ ಬರುತ್ತೇನೆ. ಶಾಲೆ ಐದನೆಯ ಕ್ಲಾಸಿಗೇ ಮುಗಿದಿತ್ತು. ಬಸ್ಸಿನ ಬೋರ್ಡು ಓದುವಷ್ಟು ಅಕ್ಷರ ಉಂಟು. ಈಗ ಇದನ್ನು ಬರೆಯುವಷ್ಟೂ ಉಂಟು ಎಂದು ನಾನೇ ತಿಳಿದುಕೊಂಡಿದ್ದೇನೆ.

ಅಲ್ಲಿಯವರೆಗೆ ನಾವು ಮಾಡುತ್ತಿದ್ದದ್ದು ಆಸ್ಪತ್ರೆಯ ಯಂತ್ರಗಳ ಕೇಬಲ್. ಅದು ನಿಂತುಹೋಗುವ ಹಾಗೆ ಇತ್ತು. ಆಗ ಧಣಿ ಎಲ್ಲೆಲ್ಲಿಗೋ ಓಡಾಡಿ ಯುದ್ಧವಿಮಾನಗಳೊಳಗೆ ಹೋಗುವ ಒಂದು ಬಗೆಯ ಕೇಬಲಿನ ಕೆಲಸವನ್ನು ಪರೀಕ್ಷೆಯ ಮೇಲೆ ತಂದರು. ಬೆಂಗಳೂರಿನ ಕಂಪನಿ ಪೆಟ್ಟಿಗೆ, ಪರದೆ ಜೋಡಿಸಿದ ತನ್ನ ಪರೀಕ್ಷೆಯ ಬೆಂಚನ್ನೇ ನಮ್ಮ ಮೇಲಿನ ಹಾಲಿನಲ್ಲಿ ತಂದಿಟ್ಟು, ಒಬ್ಬರು ಇಂಜಿನಿಯರ್ ಮೇಡಂ ಅವರನ್ನು ಕಳಿಸಿತು. ನಮ್ಮ ಕೇಬಲ್ ಹಾಕಿ ಬೆಂಚು ಸರಿಯಾಗಿ ನಡೆದರೆ ಕೊನೆಗೆ ಒಂದು ತಂಡ ಬಂದು ನೋಡಿ ಒಪ್ಪಿಗೆ ಕೊಡುತ್ತದೆ. ಒಪ್ಪಿಗೆ ಸಿಕ್ಕಿದರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಬಾಗಿಲು ಹಾಕಿ ಎಲ್ಲರೂ ಪುನಃ ತಡ್ಪೆ, ಅಂದರೆ ಎಲೆ ತುಂಬಿದ ಮೊರ, ಮಡಿಲಲ್ಲಿಟ್ಟು ಬೀಡಿಗೆ ಕೂರುವುದು. ಬೀಡಿಯೂ ಈಗ ಮೊದಲಿನಷ್ಟು ಇಲ್ಲ. ಇದು ನಮಗೆಲ್ಲ ಗೊತ್ತಿತ್ತು.

ಮೇಡಂ ಹುಬ್ಬಳ್ಳಿ ಕಡೆಯವರು. ಅವರ ಕನ್ನಡ ನಮಗೆ, ನಮ್ಮ ಕನ್ನಡ ಅವರಿಗೆ ಮೊದಲ ಎರಡು ದಿನ ತಮಾಷೆ. ಮತ್ತೆ ಅಭ್ಯಾಸವಾಯಿತು. ಹಾಳು ಕೇಬಲ್ ಯಾಕೆ ಬೇಕು ಎಂದು ತಿಳಿಯದೆ ನಾನು ಕೈ ಹಾಕುವುದಿಲ್ಲ ಎಂದಾಗ ಅವರು ಬೇಸರಿಸಲಿಲ್ಲ. ಎಲ್ಲರನ್ನೂ ಮೇಲೆ ಕರೆದರು.

"ಏನ್ರೀ ಅಜ್ಜಿ, ವಿಮಾನದಾಗ ನೂರಾರು ಪೆಟ್ಟಿಗಿ ಇರ್ತಾವ. ಎತ್ತರ ಅಳಿಯೂದು ಒಂದು, ರೆಕ್ಕಿ ಅಳ್ಳಾಡ್ಸೂದು ಒಂದು, ರೆಕ್ಕಿ ಕೆಳಗ ತೂಗು ಹಾಕಿದ್ದನ್ನ ಬಿಡೂದು ಒಂದು. ಎಲ್ಲಾ ಇದೇ ತಂತಿ ಮ್ಯಾಲೆ ಮಾತಾಡ್ತಾವ."

ಒಂದೇ ತಂತಿಯಲ್ಲಿ ಎಲ್ಲರೂ ಹತ್ತಿ ಇಳಿಯುವುದರಿಂದ ಅದಕ್ಕೆ ಬಸ್ ಎಂದೇ ಹೆಸರಂತೆ. ನಾವು ಮಾಡುವ ಕೇಬಲ್ ನನ್ನ ಕಿರುಬೆರಳಿಗಿಂತ ತೆಳು. ಒಳಗೆ ನೀಲಿ ಒಂದು, ಬಿಳಿ ಒಂದು, ಜಡೆಯ ಹಾಗೆ ಸುತ್ತಿಕೊಂಡ ಎರಡು ತಂತಿ. ಅದರ ಮೇಲೆ ನುಣ್ಣಗೆ ಹೆಣೆದ ಜಾಲರಿಯ ಅಂಗಿ, ಅದಕ್ಕೆ ಶೀಲ್ಡ್ ಎನ್ನುತ್ತಾರೆ. ಅದರ ಮೇಲೆ ಒಂದು ಪದರ ಪ್ಲಾಸ್ಟಿಕ್. ಇಷ್ಟರಲ್ಲಿ ಒಂದು ಸೆಕೆಂಡಿಗೆ ಹತ್ತು ಲಕ್ಷ ಸಲ ಹೌದು ಅಥವಾ ಅಲ್ಲ ಎಂದು ಹೇಳಿ ಆಗುತ್ತದೆ ಎಂದರು.

"ಸುಳ್ಳು" ಎಂದೆ ನಾನು.

"ಖರೇ ರೀ."

ಮೇಡಂ ಕತ್ತರಿಸಿ ಬಿಸಾಡಿದ ತಂತಿಯ ತುಂಡುಗಳನ್ನು ಗುಡಿಸಿ ತಂದು ಮೇಜಿನ ಮೇಲೆ ಸಾಲಾಗಿ ಇಟ್ಟರು. ನೀಲಿ ಎಂದರೆ ಹೌದು, ಬಿಳಿ ಎಂದರೆ ಅಲ್ಲ. ಹದಿನಾರು ತುಂಡು ಸೇರಿದರೆ ಒಂದು ಮಾತು. ಆ ಮಾತಿನ ಬಾಲಕ್ಕೆ ಇನ್ನೊಂದು ತುಂಡು. ಅದು ಮಾತಲ್ಲ, ಸಾಕ್ಷಿ. ಒಟ್ಟು ನೀಲಿಗಳ ಲೆಕ್ಕ ಯಾವಾಗಲೂ ಬೆಸವಾಗುವ ಹಾಗೆ ಆ ಒಂದನ್ನು ನೀಲಿಯೋ ಬಿಳಿಯೋ ಇಡುವುದು. ನನಗೆ ಕಣ್ಣು ಮುಚ್ಚಲು ಹೇಳಿ, ನಡುವೆ ಒಂದು ತುಂಡು ಬದಲಿಸಿದರು. ಕಣ್ಣು ಬಿಟ್ಟು ಎಣಿಸಿದೆ. ನೀಲಿ ಸಮ ಬಂತು.

"ಇದು ಕಳ್ಳ ಮಾತು" ಎಂದೆ.

"ಶಾಣ್ಯಾ ಇದ್ದೀರಿ. ಮತ್ತ ಮುಚ್ಚರಿ ಕಣ್ಣು."

ಈ ಸಲ ಎಣಿಸಿದರೆ ಬೆಸ. ಸರಿ ಉಂಟು ಎಂದೆ. ಅವರು ನಕ್ಕು, ಎರಡು ತುಂಡು ಬದಲಿಸಿದ್ದನ್ನು ತೋರಿಸಿದರು. ಎರಡು ಕಡೆ ಒಟ್ಟಿಗೆ ತಪ್ಪಿದರೆ ಬಾಲದ ಸಾಕ್ಷಿಗೆ ಗೊತ್ತಾಗುವುದಿಲ್ಲ. ಅದಕ್ಕೇ ಜೀವ ಹೋಗುವಂಥ ಮಾತುಗಳಿಗೆ ಒಂದು ಸಾಕ್ಷಿ ಸಾಲದು. ಅಂಥ ಮಾತುಗಳ ಒಂದು ಗುಂಪು ಮುಗಿದ ಮೇಲೆ ಕೊನೆಯಲ್ಲಿ ಇಡೀ ಗುಂಪಿನ ಮೊತ್ತವನ್ನು ಇನ್ನೊಂದು ಮಾತಾಗಿ ಕಳಿಸುತ್ತಾರೆ. ಪಡೆದವನು ತಾನೂ ಕೂಡಿಸಿ ನೋಡುತ್ತಾನೆ. ತಾಳೆಯಾಗದಿದ್ದರೆ ಇಡೀ ಗುಂಪನ್ನೇ ಬಿಸಾಡುತ್ತಾನೆ.

"ತಪ್ಪಿದ್ದನ್ನು ಅವನೇ ಸರಿ ಮಾಡಿಕೊಳ್ಳಬಾರದಾ? ಒಂದು ತುಂಡು ತಾನೇ?" ಎಂದು ಕೇಳಿದೆ.

"ಮಾಡಂಗಿಲ್ರಿ. ಯಾವ ತುಂಡು ತಪ್ಪೈತಿ ಅಂತ ಅವಂಗೇನು ಗೊತ್ತು? ಅಂದಾಜಿನ ಮ್ಯಾಲೆ ಸರಿ ಮಾಡಿದ್ರ, ಎತ್ತರ ಐತಿ ಅಂತ ತಿಳದು ಗುಡ್ಡಕ್ಕ ಹೊಡೀತೈತಿ ವಿಮಾನ. ಅನುಮಾನ ಬಂತಂದ್ರ ಬಾಯಿ ಮುಚ್ಚಿಕೊಂಡು ಕೂಡೂದು. ಉತ್ತರ ಬರಲಿಲ್ಲಂದ್ರ ಕಳಿಸಿದಾಂವಗ ತಿಳೀತೈತಿ. ಇನ್ನೊಮ್ಮೆ ಕಳಿಸ್ತಾನ. ಈ ತಂತಿ ಬ್ಯಾಡಂದ್ರ ಆ ತಂತಿ ಮ್ಯಾಲೆ."

ಒಂದೇ ಮಾತಿಗೆ ಎರಡೆರಡು ತಂತಿ ವಿಮಾನದ ಎರಡು ಬೇರೆ ದಾರಿಯಲ್ಲಿ ಹೋಗಿರುತ್ತವೆ. ಒಂದಕ್ಕೆ ಗುಂಡು ಬಿದ್ದರೂ ಇನ್ನೊಂದು ಇರಲಿ ಎಂದು.

ನಾನು ಆ ತುಂಡುಗಳನ್ನು ಸುಮಾರು ಹೊತ್ತು ನೋಡುತ್ತಾ ಕುಳಿತೆ. ಇಷ್ಟು ಅಪನಂಬಿಕೆಯನ್ನು ಇಷ್ಟು ಚಂದ ಮಾಡಿ ಜೋಡಿಸಿದವರು ಯಾರೋ. ಒಳ್ಳೆಯ ತಂತಿಯನ್ನೂ ನಂಬುವುದಿಲ್ಲ, ಒಳ್ಳೆಯ ಮಾತನ್ನೂ ಎಣಿಸದೆ ಒಳಗೆ ಬಿಡುವುದಿಲ್ಲ. ಅದೂ ಕಣ್ಣು ಮಿಟುಕಿಸುವಷ್ಟರಲ್ಲಿ ಸಾವಿರ ಸಾವಿರ ಸಲ.

ಈಗ ಹಾಳು ಕೇಬಲ್ ಯಾಕೆ ಎಂದು ತಿಳಿಯಿತು. ತಪ್ಪೇ ಬಾರದಿದ್ದರೆ ತಪ್ಪು ಹಿಡಿಯುವವನು ಎಚ್ಚರ ಇದ್ದಾನೋ ಇಲ್ಲವೋ ಹೇಗೆ ಗೊತ್ತಾಗುವುದು? ಬೆಂಚಿನ ಪಕ್ಕದಲ್ಲಿ ಒಂದು ಪೆಟ್ಟಿಗೆ ಉಂಟು. ಅದರ ಕೆಲಸ ಗಲಾಟೆ ಎಬ್ಬಿಸುವುದು. ನಮಗೆ ಕೇಳುವುದಿಲ್ಲ, ತಂತಿಗೆ ಮಾತ್ರ ಕೇಳುತ್ತದೆ. ಶೀಲ್ಡ್ ಸರಿಯಾಗಿ ಬೆಸುಗೆಯಾಗಿದ್ದರೆ ಆ ಗಲಾಟೆ ಹೊರಗೇ ನಿಲ್ಲುತ್ತದೆ. ಬೆಸುಗೆ ಬಿಟ್ಟಿದ್ದರೆ ಒಳಗೆ ನುಗ್ಗಿ ನೀಲಿಯನ್ನು ಬಿಳಿ ಮಾಡುತ್ತದೆ. ಆಗ ಪರದೆಯ ಮೇಲೆ ಹಿಡಿದ ತಪ್ಪುಗಳು ಕೆಂಪಾಗಿ ಏರಬೇಕು.

ನಾನು ಮಾಡಿದೆ. ಎಲ್ಲ ಸರಿಯಾಗಿ ಜೋಡಿಸಿ, ಒಂದು ತುದಿಯಲ್ಲಿ ಮಾತ್ರ ಜಾಲರಿಯನ್ನು ಹಿಂದಕ್ಕೆ ಮಡಚಿ, ಕನೆಕ್ಟರಿಗೆ ತಾಗದ ಹಾಗೆ ಬಿಟ್ಟೆ. ಬೆಸುಗೆ ಹಾಕದೆ ಕೈ ತೆಗೆಯುವಾಗ ಊಟದ ನಡುವೆ ಎಬ್ಬಿಸಿದ ಹಾಗೆ ಆಯಿತು. ಟ್ರೇಯ ಅಂಚಿನಲ್ಲಿ ಇಟ್ಟೆ. ಅಂಚಿನದ್ದನ್ನು ಯಾರೂ ಮುಟ್ಟಬಾರದು, ತುದಿ ಮುಚ್ಚುವ ಪ್ಲಾಸ್ಟಿಕ್ ಸ್ಲೀವ್ ಮಾತ್ರ ಹಾಕಬೇಕು ಎಂದು ಧಣಿ ಎಲ್ಲರಿಗೂ ಹೇಳಿದರು.

ಎಲ್ಲರಿಗೂ ಎಂದರೆ ಅವತ್ತು ಬಂದವರಿಗೆ. ಸ್ಲೀವ್ ಹಾಕುವ ಮೇಜಿನವಳು ಕಕ್ಕಿಂಜೆಯವಳು. ನನ್ನ ಮಗಳ ಪ್ರಾಯ. ಅವಳು ಮುಂಡಾಜೆಯಲ್ಲಿ ತಂಗಿಯ ಮಗಳ ಮದುವೆಗೆ ಹೋಗಿದ್ದಳು. ಮೇಡಂ ತುಂಡುಗಳನ್ನಿಟ್ಟು ಪಾಠ ಮಾಡಿದ್ದನ್ನೂ ಅವಳು ಕೇಳಿರಲಿಲ್ಲ. ಮರುದಿನ ಕೈತುಂಬಾ ಮದರಂಗಿಯಲ್ಲಿ ಬಂದು ಟ್ರೇ ಎಳೆದುಕೊಂಡು, ಪ್ರತಿ ತುದಿಗೆ ಸ್ಲೀವ್ ತೊಡಿಸಿ, ಬಿಸಿಗಾಳಿ ಹಿಡಿದು ಕುಗ್ಗಿಸಿ ಮುಗಿಸಿದಳು. ಸ್ಲೀವ್ ಕೂತ ಮೇಲೆ ಒಳಗಿನದ್ದು ಕಾಣುವುದಿಲ್ಲ. ಧಣಿ ಬಂದು ಅಂಚಿನದ್ದಕ್ಕೆ ಕೆಂಪು ಟೇಪು ಸುತ್ತಿ ಮೇಲಕ್ಕೆ ಒಯ್ದರು.

ಬೆಂಚಿಗೆ ಹಾಕಿದರು. ಗಲಾಟೆಯ ಪೆಟ್ಟಿಗೆ ಚಾಲೂ ಮಾಡಿದರು. ಪರದೆ ಹಸಿರು. ಪೆಟ್ಟಿಗೆಯ ಜೋರು ಏರಿಸಿದರು. ಹಸಿರು.

ಮೊದಲ ದಿನ ಮೇಡಂ ನಕ್ಕರು. ಎರಡನೆಯ ದಿನ ನಗು ನಿಂತಿತು. ಆಮೇಲೆ ಅವರು ಊಟಕ್ಕೆ ಇಳಿಯುವುದನ್ನೇ ಬಿಟ್ಟರು. ಬೆಂಗಳೂರಿಗೆ ಫೋನ್ ಮಾಡಿ ಮಾಡಿ ಗಂಟಲು ಕೂತಿತು. ಗಲಾಟೆಯ ಪೆಟ್ಟಿಗೆ ಬದಲಾಯಿತು. ಕರೆಂಟಿನ ಪೆಟ್ಟಿಗೆ ಬದಲಾಯಿತು. ಮಾತು ಪಡೆಯುವ ಪೆಟ್ಟಿಗೆಯನ್ನೇ ಬೆಂಗಳೂರಿನಿಂದ ಹೊಸದು ತರಿಸಿದರು. ಪರದೆ ಹಸಿರಾಗಿಯೇ ಕುಳಿತಿತ್ತು.

ನಾನು ಚಹಾ ಕೊಡಲು ಹೋದಾಗ ಕೇಳಿದೆ: "ಹಸಿರು ಅಂದರೆ ಒಳ್ಳೇದಲ್ವಾ?"

"ಇದೇ ಕೆಟ್ಟದ್ದು ರೀ ಅಜ್ಜಿ. ತಂತಿ ಹಾಳೈತಿ, ತಪ್ಪು ಬರಾಕತ್ತಾವ. ತಪ್ಪು ಹಿಡಿಯೂ ಕಾವಲುಗಾರ ಎಲ್ಲಾ ಒಳಗ ಬಿಡಾಕತ್ತಾನ. ಕಳಿಸಿದ್ದು, ಬಂದದ್ದು ತಾಳೆ ಹಾಕಿದ್ರ ಅದೂ ಒಂದೇ ಅಂತೈತಿ. ಅಂದ್ರ ತಾಳೆ ನೋಡೂದೂ ಸುಳ್ಳು ಹೇಳಾಕತ್ತೈತಿ. ಇದು ವಿಮಾನದಾಗ ಹೋಗೂದು. ಒಬ್ಬಾಂವ ಒಳಗ ಕುಂತಿರ್ತಾನ."

ಪರದೆಯಿಂದ ಕಣ್ಣು ತೆಗೆಯದೆ ಲೋಟ ಇಟ್ಟರು, ಚಹಾ ತಟ್ಟೆಗೆ ಚೆಲ್ಲಿತು. ನಾನು ಒರೆಸಿದೆ. ಸಮಾಧಾನ ಹೇಳಲು ನನಗೆ ಬರುವುದಿಲ್ಲ.

ಎಲ್ಲವನ್ನೂ ಬದಲಿಸಿ ನೋಡಿದ ಅವರು ಕೆಂಪು ಟೇಪಿನ ಕೇಬಲನ್ನು ಮಾತ್ರ ಬದಲಿಸಲಿಲ್ಲ. ನಾವೂ ಹೇಳಲಿಲ್ಲ, ಧಣಿಗೂ ತೋಚಲಿಲ್ಲ. ಹಾಳು ಎಂದು ಗೊತ್ತಿರುವುದನ್ನು ಹಾಳಾಗಿದೆಯೋ ಎಂದು ಯಾರಾದರೂ ನೋಡುತ್ತಾರಾ?

ತಂಡ ಬರುವ ದಿನ ಹತ್ತಿರ ಬಂತು. ಬೆಂಚು ತೋರಿಸಲಾಗದಿದ್ದರೆ ತಂಡ ಹಾಗೆಯೇ ಹಿಂದೆ ಹೋಗುತ್ತದೆ, ನಮ್ಮ ಕೇಬಲ್ ಎಷ್ಟು ಚಂದ ಇದ್ದರೂ ಲೆಕ್ಕವಿಲ್ಲ ಎಂದು ಧಣಿ ಹೇಳಿದರು. ಹೆಂಗಸರು ಮಾತು ಕಡಿಮೆ ಮಾಡಿದರು. ಅಂಥದ್ದರಲ್ಲಿ ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತಿದ್ದಾಗ ಕಕ್ಕಿಂಜೆಯವಳು ನನ್ನ ಪಕ್ಕ ಸರಿದು ಸಣ್ಣ ಸ್ವರದಲ್ಲಿ ಹೇಳಿದಳು. ನಾವು ಒಳಗೊಳಗೆ ಮಾತಾಡುವುದು ತುಳುವಿನಲ್ಲಿ, ಅದನ್ನೇ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅಕ್ಕ, ಬೇಜಾರು ಮಾಡಬೇಡಿ. ನೀವು ಒಮ್ಮೆ ಡಾಕ್ಟರಿಗೆ ಕಣ್ಣು ತೋರಿಸಿ."

"ನನ್ನ ಕಣ್ಣಿಗೆ ಎಂಥ ಆಗಿದೆ?"

"ಎಂಥ ಇಲ್ಲ. ಸುಮ್ಮನೆ."

"ಸುಮ್ಮನೆ ಯಾರೂ ಕಣ್ಣು ತೋರಿಸುವುದಿಲ್ಲ. ಹೇಳು ಮಾರಾಯ್ತಿ."

ಅವಳು ಮೀನಿನ ಮುಳ್ಳು ಬಿಡಿಸುತ್ತಾ, ಮುಖ ನೋಡದೆ ಹೇಳಿದಳು. "ಮದುವೆ ಕಳೆದು ಬಂದ ದಿನ ನಿಮ್ಮ ಟ್ರೇಯಲ್ಲಿ ಒಂದಕ್ಕೆ ಶೀಲ್ಡಿನ ಬೆಸುಗೆಯೇ ಇರಲಿಲ್ಲ. ಪೂರಾ ಬಿಟ್ಟುಹೋಗಿತ್ತು. ಬೇರೆಯವರು ನೋಡಿದರೆ ನಿಮ್ಮನ್ನು ಆಡಿಕೊಳ್ತಾರೆ ಅಂತ ನಾನೇ ಹಾಕಿ ಸ್ಲೀವ್ ಮುಚ್ಚಿದೆ. ಯಾರಿಗೂ ಹೇಳಲಿಲ್ಲ. ದೇವರಾಣೆ."

ನಾನು ಕೈಯ ತುತ್ತನ್ನು ಬುತ್ತಿಗೇ ಹಾಕಿದೆ.

ಇದು ಬೀಡಿಯ ಜಗಲಿಯಿಂದ ಬಂದ ರೂಢಿ. ನಾಲ್ಕಾರು ಹೆಂಗಸರು ಒಟ್ಟಿಗೆ ಕೂತು ಕಟ್ಟುವಾಗ, ಪಕ್ಕದವಳ ಕಟ್ಟಿನಲ್ಲಿ ಸಡಿಲವಾದ ಒಂದು ಬೀಡಿ ಕಂಡರೆ ಅದನ್ನು ಎಳೆದು ತೆಗೆದು ನಮ್ಮದೊಂದನ್ನು ತುರುಕಿಬಿಡುವುದು. ಅವಳಿಗೂ ಹೇಳುವುದಿಲ್ಲ. ಹೇಳಿದರೆ ಅವಳಿಗೆ ನಾಚಿಕೆ, ಹೇಳದಿದ್ದರೆ ಬೀಡಿ ಪರೀಕ್ಷಿಸಿ ತೆಗೆದುಕೊಳ್ಳುವ ಚೆಕ್ಕರ್ ಮುಂದೆ ಮರ್ಯಾದೆ ಉಳಿಯುತ್ತದೆ. ನಾನೂ ಎಷ್ಟೋ ಜನರಿಗೆ ಮಾಡಿದ್ದೇನೆ, ನನಗೂ ಎಷ್ಟೋ ಜನ ಮಾಡಿರಬೇಕು. ಅದನ್ನು ತಪ್ಪು ಎಂದು ಯಾರೂ ಅಂದುಕೊಂಡವರಲ್ಲ.

"ಮೊದಲು ಎಲ್ಲಿಯಾದರೂ ಹೀಗೆ ಮಾಡಿದ್ದೀಯಾ, ನನ್ನದಕ್ಕೆ?" ಎಂದು ಕೇಳಿದೆ.

"ಒಂದೆರಡು."

ಅದು ನನಗೆ ಚುಚ್ಚಿತು. ಆದರೆ ಚುಚ್ಚಿಸಿಕೊಂಡು ಕೂರುವ ಹೊತ್ತಲ್ಲ ಅದು. ಬುತ್ತಿ ಮುಚ್ಚಿದೆ. ಅವಳು ಸರಿ ಮಾಡಿದ್ದು ಬೇಕೆಂದೇ ಬಿಟ್ಟ ಬೆಸುಗೆ ಎಂದು ಹೇಳಿದಾಗ ಅವಳು ಬುತ್ತಿ ಬಿಟ್ಟು ಎದ್ದು ನಿಂತಳು. ಕೈ ತೊಳೆಸಿ ಧಣಿಯ ಹತ್ತಿರ ಕರೆದುಕೊಂಡು ಹೋದೆ.

ಧಣಿ ಕೇಳಿ ಬಾಗಿಲು ಹಾಕಿದರು. ಬೈಯಲಿಲ್ಲ. ತಲೆಯ ಟೊಪ್ಪಿ ತೆಗೆದು ಮೇಜಿನ ಮೇಲಿಟ್ಟು ಕೂತರು. ನಮ್ಮಲ್ಲಿ ಮೊದಲ ದಿನವೇ ಹೇಳಿದ್ದ ನಿಯಮ: ಒಬ್ಬರು ಮುಗಿಸಿದ್ದನ್ನು ಇನ್ನೊಬ್ಬರು ಹೇಳದೆ ಮುಟ್ಟಬಾರದು. ವಿಮಾನದ ಕೆಲಸದಲ್ಲಿ ಅದಕ್ಕಿಂತ ದೊಡ್ಡ ನಿಯಮ ಇಲ್ಲ.

"ತಂಡಕ್ಕೆ ಇದು ಗೊತ್ತಾದರೆ ಕತೆ ಮುಗಿಯಿತು ಅಮ್ಮ. ಇಲ್ಲಿ ಹೆಂಗಸರು ಗುಟ್ಟಿನಲ್ಲಿ ಕೇಬಲ್ ಬಿಚ್ಚಿ ಕಟ್ಟುತ್ತಾರೆ ಅಂತ ಬರೆದುಕೊಂಡು ಹೋಗ್ತಾರೆ. ಇವಳನ್ನು ಕಳಿಸಬೇಕಾಗ್ತದೆ, ಮತ್ತೆ ಎಲ್ಲರನ್ನೂ."

ಕಕ್ಕಿಂಜೆಯವಳು ಗೋಡೆಗೆ ಒರಗಿ ನಿಂತಿದ್ದಳು. ಮದರಂಗಿ ಇನ್ನೂ ಮಾಸಿರಲಿಲ್ಲ.

ಧಣಿ ಟೊಪ್ಪಿಯನ್ನು ಪುನಃ ತಲೆಗೆ ಇಟ್ಟುಕೊಂಡು ಹೇಳಿದರು. "ಒಂದು ಕೆಲಸ ಮಾಡುವ. ನೀವು ಈಗಲೇ ಇನ್ನೊಂದು ಹಾಳು ಕೇಬಲ್ ಮಾಡಿ. ಕೆಂಪು ಟೇಪು ಸುತ್ತುವ. ಮೇಡಂ ಫೋನ್ ಮಾಡಲು ಹೊರಗೆ ಹೋದಾಗ ಬದಲಿಸಿದರೆ ಆಯ್ತು. ಬೆಂಚು ತಪ್ಪು ತೋರಿಸ್ತದೆ. ಅವರಿಗೂ ನೆಮ್ಮದಿ, ನಮಗೂ."

ನನಗೆ ಅದು ಸರಿ ಎಂದೇ ಕಂಡಿತು. ಸುಳ್ಳು ಬರೆಯುವುದಿದ್ದರೆ ಇದನ್ನು ಬಿಟ್ಟುಬಿಡುತ್ತಿದ್ದೆ. ಹಾಳಾಗಿರಬೇಕಾದ ಜಾಗದಲ್ಲಿ ಹಾಳಾದದ್ದನ್ನು ಇಟ್ಟರೆ ಯಾರಿಗೆ ನಷ್ಟ? ಕೆಳಗೆ ಹೋಗಿ ಮಾಡಿದೆ. ಈ ಸಲ ಸ್ಲೀವನ್ನೂ ನಾನೇ ಹಾಕಿದೆ, ಟೇಪು ಸುತ್ತಿದೆ. ಊಟದ ಚೀಲದೊಳಗೆ ಅದನ್ನು ಸುರುಳಿ ಮಾಡಿ ಇಟ್ಟು ಮೇಲೆ ಹತ್ತಿದೆ.

ಮೇಡಂ ಎದ್ದು ನಿಂತಿದ್ದರು. ನನ್ನನ್ನು ಕಂಡದ್ದೇ ತೋಳು ಹಿಡಿದು ಎಳೆದರು.

"ಬರ್ರಿ ಅಜ್ಜಿ, ಬರ್ರಿ. ನೋಡ್ರಿ, ಬಂತು."

ಪರದೆಯ ಮೇಲೆ ಕೆಂಪು. ಅಂಕಿ ಏರುತ್ತಾ ಇತ್ತು.

ನಾನು ಚೀಲವನ್ನು ಗಟ್ಟಿಯಾಗಿ ಹಿಡಿದುಕೊಂಡೆ. ನಾನು ಇನ್ನೂ ಏನೂ ಬದಲಿಸಿರಲಿಲ್ಲ. ಬೆಂಚಿನಲ್ಲಿ ಇದ್ದದ್ದು ಹಳೆಯ ಕೇಬಲೇ, ಕಕ್ಕಿಂಜೆಯವಳು ಬೆಸುಗೆ ಹಾಕಿದ್ದು.

"ಎಂಥ ಮಾಡಿದಿರಿ ಮೇಡಂ?"

"ಪ್ರೋಗ್ರಾಂ ಬದಲ್ ಮಾಡ್ದೆ ರೀ. ಕಾವಲುಗಾರಂಗ ಹೆದರಿಕಿ ಹಾಕೇನಿ. ಮೊದಲ ಸ್ವಲ್ಪ ಹೆಚ್ಚುಕಡಿಮಿ ಇದ್ರ ಬಿಡ್ತಿದ್ದ. ಈಗ ಕೂದಲಷ್ಟು ಅನುಮಾನ ಬಂದ್ರೂ ಹೊರಗ ಹಾಕ್ತಾನ. ಹಳೇದು ತಪ್ಪಿತ್ತು ನೋಡ್ರಿ. ಇವತ್ತ ಸಂಜಿಕೆ ಬೆಂಗಳೂರಿಗೆ ಕಳಿಸ್ತೀನಿ. ಎಲ್ಲಾದಕ್ಕೂ ಇದನ್ನ ಹಾಕ್ತಾರ."

ಎಲ್ಲಾದಕ್ಕೂ ಎಂದರೆ ಹಾರುವ ವಿಮಾನಗಳಿಗೂ ಎಂದು ನಾನು ಕೇಳಿ ತಿಳಿದುಕೊಂಡೆ.

ನಾನು ಆ ಕೆಂಪು ಅಂಕಿ ನೋಡಿದೆ. ತಂತಿ ಒಳ್ಳೆಯದು. ಒಳಗೆ ಹೋಗುತ್ತಿರುವ ಮಾತು ಒಳ್ಳೆಯದು. ಹಾಗಾದರೆ ಹೊರಗೆ ಬೀಳುತ್ತಿರುವುದೆಲ್ಲ ಒಳ್ಳೆಯದೇ. ನಮ್ಮ ಬೀಡಿ ಬ್ರಾಂಚಿಗೆ ಒಮ್ಮೆ ಒಬ್ಬ ಚೆಕ್ಕರ್ ಬಂದಿದ್ದ. ಮೇಲಿನವರಿಂದ ಬೈಸಿಕೊಂಡು ಬಂದವನು, ಕಟ್ಟನ್ನು ಮುಟ್ಟಿದರೆ ಅರ್ಧ ಬಿಸಾಡುತ್ತಿದ್ದ. ಕೆಟ್ಟದ್ದು ಹೋಗುತ್ತಿತ್ತು, ಒಳ್ಳೆಯದೂ ಹೋಗುತ್ತಿತ್ತು. ಅಲ್ಲಿ ಹೋದದ್ದು ಬೀಡಿ. ಇಲ್ಲಿ ಗುಡ್ಡದ ಎದುರು ಒಬ್ಬ ಕೂತಿರುತ್ತಾನೆ, ಅವನಿಗೆ ಎತ್ತರದ ಮಾತು ಬರುತ್ತದೆ, ಈ ಹೆದರಿದ ಕಾವಲುಗಾರ ಅದನ್ನು ಒಳಗೆ ಬಿಡುವುದಿಲ್ಲ. ಇನ್ನೊಮ್ಮೆ ಬಂದರೂ ಬಿಡುವುದಿಲ್ಲ.

ನಾನು ಏನೂ ಮಾಡಬೇಕಾಗಿಯೇ ಇರಲಿಲ್ಲ. ಚೀಲ ಹಿಡಿದುಕೊಂಡು ಕೆಳಗೆ ಹೋದರೆ ಸಾಕಿತ್ತು. ಮೇಡಂಗೆ ನಿದ್ರೆ, ಧಣಿಗೆ ಒಪ್ಪಿಗೆ, ಕಕ್ಕಿಂಜೆಯವಳಿಗೆ ಕೆಲಸ. ಬಾಗಿಲಿನವರೆಗೆ ಹೋದೆ ಸಹ. ಅಲ್ಲಿಂದ ತಿರುಗಿ ಬಂದು ಚೀಲದಿಂದ ಕೇಬಲ್ ತೆಗೆದು ಮೇಜಿನ ಮೇಲಿಟ್ಟೆ.

"ಮೇಡಂ, ಹಾಳಾದದ್ದು ಇದು. ನೀವು ಇಷ್ಟು ದಿನ ಹಾಕಿದ್ದು ಹಾಳಾಗಿರಲಿಲ್ಲ."

ಅವರಿಗೆ ತಿಳಿಯಲಿಲ್ಲ. ನಾನು ಇನ್ನೊಮ್ಮೆ, ಹೆಸರು ಸಮೇತ, ನಿಧಾನಕ್ಕೆ ಹೇಳಿದೆ. ಧಣಿ ಹೇಳಿದ ಉಪಾಯವನ್ನೂ, ನಾನು ಒಪ್ಪಿ ಮೇಲೆ ಬಂದದ್ದನ್ನೂ ಹೇಳಿದೆ. ಅವರು ಬ್ಲೇಡು ತೆಗೆದುಕೊಂಡು ಬೆಂಚಿನ ಕೇಬಲಿನ ಸ್ಲೀವನ್ನು ಉದ್ದಕ್ಕೆ ಸೀಳಿದರು. ಒಳಗೆ ಬೆಸುಗೆ ಸುತ್ತಲೂ ಒಂದೇ ಸಮ ಕೂತು ಬೆಳ್ಳಿಯ ಉಂಗುರದ ಹಾಗೆ ಹೊಳೆಯುತ್ತಿತ್ತು.

ಮೇಡಂ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಬೈಗುಳ ಬರುತ್ತದೆ ಎಂದು ಕಾದೆ.

"ಎಷ್ಟ್ ಚಲೋ ಹಾಕ್ಯಾಳ ರೀ" ಎಂದು ಹೇಳಿ ಕುರ್ಚಿಯಲ್ಲಿ ಕುಸಿದು, ಸೆರಗಿನಿಂದ ಮುಖ ಮುಚ್ಚಿಕೊಂಡರು. ಅಳುತ್ತಿದ್ದರೋ ನಗುತ್ತಿದ್ದರೋ, ನಾನು ವಿಚಾರಿಸಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಧಣಿಯನ್ನೂ ಕಕ್ಕಿಂಜೆಯವಳನ್ನೂ ಮೇಲೆ ಕರೆಸಿದರು. ಹಳೆಯ ಪ್ರೋಗ್ರಾಮಿನ ಪ್ರತಿ ಇತ್ತು, ಅದನ್ನೇ ಪುನಃ ಹಾಕಿದರು. ನಾನು ತಂದ ಕೇಬಲಿನ ಎರಡೂ ತುದಿಗೆ ಮೀಟರ್ ಹಿಡಿದು, ಶೀಲ್ಡ್ ನಿಜವಾಗಿಯೂ ಬಿಟ್ಟಿದೆ ಎಂದು ಮೊದಲು ನೋಡಿದರು. ಆಮೇಲೆ ಬೆಂಚಿಗೆ ಹಾಕಿದರು. ಗಲಾಟೆಯ ಪೆಟ್ಟಿಗೆಯ ಗುಂಡಿ ಒತ್ತಲು ಕಕ್ಕಿಂಜೆಯವಳಿಗೆ ಹೇಳಿದರು.

"ನಾನಾ? ನಾನು ಇನ್ನು ಯಾವುದನ್ನೂ ಮುಟ್ಟುವುದಿಲ್ಲ" ಎಂದಳು ಅವಳು.

"ಇದನ್ನ ಮುಟ್ಟರಿ. ಇದು ಮುಟ್ಟಾಕಂತನ ಐತಿ."

ಒತ್ತಿದಳು. ಎಡಗಡೆಯ ಪರದೆಯಲ್ಲಿ ಕೆಂಪು ಒಮ್ಮೆಲೇ ಉಕ್ಕಿತು. ನಾನು ಅದನ್ನಲ್ಲ, ಬಲಗಡೆಯ ಪರದೆ ನೋಡಿದೆ. ಅಲ್ಲಿ ವಿಮಾನದ ಎತ್ತರದ ಅಂಕಿ. ಮೇಡಂ ಒಂದು ಎತ್ತರ ಹಾಕಿ ಇಟ್ಟಿದ್ದರು. ಎಡಗಡೆಯಲ್ಲಿ ತಪ್ಪು ಮಾತು ಸಂತೆಯ ನೊಣದ ಹಾಗೆ ಬಂದು ಬೀಳುತ್ತಿದ್ದರೂ ಬಲಗಡೆಯ ಅಂಕಿ ಅಲುಗಲಿಲ್ಲ. ಒಂದು ತಪ್ಪು ಬಂದರೆ ಪಡೆದವನು ಬಾಯಿ ಮುಚ್ಚುತ್ತಾನೆ. ಕಳಿಸಿದವನು ತಿಳಿದು, ಬೆಂಚಿನಲ್ಲಿದ್ದ ಎರಡನೆಯ, ಒಳ್ಳೆಯ ತಂತಿಯಲ್ಲಿ ಪುನಃ ಕಳಿಸುತ್ತಾನೆ. ಅದು ಸರಿಯಾಗಿ ಬರುತ್ತದೆ, ಎಣಿಸುತ್ತಾನೆ, ಕೂಡಿಸುತ್ತಾನೆ, ಒಳಗೆ ಬಿಡುತ್ತಾನೆ. ನಾನು ಉಸಿರು ಒಳಗೆ ಎಳೆದು ಬಿಡುವಷ್ಟರಲ್ಲಿ ಇದು ಎಷ್ಟು ಸಾವಿರ ಸಲ ಆಯಿತೋ. ಒಮ್ಮೆಯೂ ಬೇಸರಿಸಲಿಲ್ಲ, ಒಮ್ಮೆಯೂ ಹೋಗಲಿ ಬಿಡು ಎನ್ನಲಿಲ್ಲ.

ಮೇಡಂ ಇನ್ನೊಂದು ಕೆಲಸ ಮಾಡಿದರು. ಎತ್ತರವನ್ನು ಬದಲಿಸಿದರು. ಆ ಗಲಾಟೆಯ ನಡುವೆಯೇ ಬಲಗಡೆಯ ಅಂಕಿ ಕೂಡಲೇ ಹೊಸ ಎತ್ತರಕ್ಕೆ ಹೋಗಿ ನಿಂತಿತು. ಹಟ ಹಿಡಿದು ಹಳೆಯದನ್ನೇ ತೋರಿಸುತ್ತಿದ್ದದ್ದಲ್ಲ, ನಿಜವಾದದ್ದನ್ನು ಆರಿಸಿ ಆರಿಸಿ ತೋರಿಸುತ್ತಿತ್ತು.

ನಾನು ಕೈ ಮುಗಿಯುವವಳಲ್ಲ. ಬಸದಿಯ ಸಾವಿರ ಕಂಬ ನೋಡಿಯೂ, ಗುಡಿಸುವವರಿಗೆ ಎಷ್ಟು ಕಷ್ಟ ಎಂದು ಹೇಳಿ ಬಂದವಳು. ಅವತ್ತು ಮಾತ್ರ ಆ ಪರದೆಯ ಮುಂದೆ ಕೂತಲ್ಲಿಂದ ಏಳಲು ಮನಸ್ಸಾಗಲಿಲ್ಲ. ಕಡೆಯ ಸಿದ್ದಕಟ್ಟೆ ಬಸ್ಸು ಹೋಗುತ್ತದೆ ಎಂದು ಧಣಿಯೇ ಎಬ್ಬಿಸಬೇಕಾಯಿತು.

ಮೇಡಂ ನಡೆದದ್ದನ್ನು ನಡೆದ ಹಾಗೆ ಬರೆದು ಕಳಿಸಿದರು. ತಂಡ ಬಂತು. ಹಿರಿಯರೊಬ್ಬರು, ಮಿಲಿಟರಿಯಲ್ಲಿದ್ದವರಂತೆ ನೇರ ಕೂರುವವರು, ಎಲ್ಲ ಓದಿಕೊಂಡು ಬಂದಿದ್ದರು. ನಮ್ಮನ್ನೆಲ್ಲ ನಿಲ್ಲಿಸಿ ಅವರು ಕೇಳಿದ್ದು ಒಂದೇ ಪ್ರಶ್ನೆ. ಹಾಳು ಕೇಬಲ್ ಹಾಳಾಗಿದೆ ಎಂದು ಪರೀಕ್ಷೆ ಮಾಡಿದವರು ಯಾರು? ನಾವು ನೆಲ ನೋಡಿದೆವು. ಅವರ ಜೊತೆ ಬಂದವರೂ ನೆಲ ನೋಡಿದರು.

ಒಪ್ಪಿಗೆ ಅವತ್ತು ಸಿಗಲಿಲ್ಲ. ಯಾರನ್ನೂ ಕಳಿಸಬೇಕಾಗಿಯೂ ಬರಲಿಲ್ಲ. ಕೆಂಪು ಟೇಪು ಕೊನೆಗಲ್ಲ, ಕೆಲಸ ಶುರು ಮಾಡುವ ಮೊದಲೇ ಸುತ್ತಬೇಕು, ಹಾಳು ಮಾಡಿದ ಪ್ರತಿಯೊಂದೂ ಹೇಳಿದ ಹಾಗೆಯೇ ಹಾಳಾಗಿದೆ ಎಂದು ಮೀಟರಿನಲ್ಲಿ ನೋಡಬೇಕು, ಒಬ್ಬರದ್ದರಲ್ಲಿ ತಪ್ಪು ಕಂಡರೆ ಇನ್ನೊಬ್ಬರು ಸರಿ ಮಾಡದೆ ಅವರಿಗೇ ಹಿಂದೆ ಕೊಡಬೇಕು ಎಂದು ಬರೆಸಿಕೊಂಡು ಹೋದರು. ಮಳೆಗಾಲ ಕಳೆದು ಪುನಃ ಬಂದರು. ಅಷ್ಟರವರೆಗೆ ಧಣಿ ಹೇಗೆ ನಡೆಸಿದರೋ ಅವರಿಗೇ ಗೊತ್ತು. ಆಗ ಒಪ್ಪಿಗೆ ಬಂತು.

ನಡುವೆ ನಾನು ಕಣ್ಣು ತೋರಿಸಿದೆ. ಎರಡರಲ್ಲೂ ಪೊರೆ ಬಂದಿತ್ತು. ಕಕ್ಕಿಂಜೆಯವಳು ಹೇಳಿದ್ದು ಸರಿಯೇ. ಹೇಳದೆ ಎಷ್ಟು ದಿನ ನನ್ನ ತಪ್ಪನ್ನು ಮುಚ್ಚಿದಳೋ, ಅಷ್ಟು ದಿನ ನಾನು ಪೊರೆಯನ್ನೇ ಕಣ್ಣು ಎಂದು ತಿಳಿದುಕೊಂಡಿದ್ದೆ. ಒಂದೊಂದಾಗಿ ಎರಡನ್ನೂ ತೆಗೆಸಿದೆ. ಈಗ ಬಿಳಿ ತಂತಿ ಎಷ್ಟು ಬಿಳಿ ಎಂದು ಕಾಣುತ್ತದೆ.

ಅವಳಿಗೆ ಮೊದಮೊದಲು ಬಹಳ ಕಷ್ಟವಾಯಿತು. ಕೆಂಪು ಟೇಪಿನ ಟ್ರೇ ಹತ್ತಿರ ಬಂದರೆ ಕೈಯನ್ನು ತೊಡೆಯ ಕೆಳಗೆ ಇಟ್ಟು ಕೂರುತ್ತಿದ್ದಳು. ಬೇರೆಯವರ ತಪ್ಪನ್ನು ಬಾಯಿಬಿಟ್ಟು ಹೇಳಲು ಅವಳಿಗೆ ಅದಕ್ಕಿಂತಲೂ ಕಷ್ಟ. ಒಂದು ದಿನ ನನ್ನ ಟ್ರೇಯಿಂದ ಒಂದನ್ನು ಎತ್ತಿದಳು. ತಿರುಗಿಸಿದಳು. ಇಟ್ಟಳು. ಪುನಃ ಎತ್ತಿದಳು. ಬೇರೆ ಮೇಜುಗಳ ಹೆಂಗಸರೆಲ್ಲ ಕೆಲಸ ನಿಲ್ಲಿಸಿ ಅವಳನ್ನು ನೋಡಿದರು. ಕಡೆಗೆ ಎದ್ದು ಬಂದು, ಅದನ್ನು ನನ್ನ ಮುಂದೆ ಇಟ್ಟು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಅಕ್ಕ, ಇನ್ನೊಮ್ಮೆ."

ನಾನು ಐರನ್ ಕೈಗೆ ತೆಗೆದುಕೊಂಡೆ.